ಜೇನಿಗಿಟ್ಟ ಸರಿಹಿಟ್ಟು

ಜೇನು ಕಚ್ಚಿದ್ದಕ್ಕೆ ನಾನು ಯಾವತ್ತೂ ಅತ್ತವಳಲ್ಲ. ಮೂಗು, ಕಿವಿ, ರೆಪ್ಪೆ, ಮುಖದಲ್ಲಿ ಕಚ್ಚಿಸಿಕೊಳ್ಳದ ಜಾಗವೇ ಉಳಿದಿಲ್ಲ. ಒಂದು ಸಲ ಊದಿದ ತುಟಿಯಲ್ಲೇ ಹೋಗಿ ಎಂಟನೇ ಕ್ಲಾಸಿಗೆ ಪಾಠ ಮಾಡಿ ಬಂದಿದ್ದೆ. ಮಕ್ಕಳು ಪುಸ್ತಕ ಅಡ್ಡ ಹಿಡಿದು ನಕ್ಕಿದ್ದವು. ನಗಲಿ ಬಿಡಿ, ಆ ಮುಖ ನೋಡಿದ್ದರೆ ನಾನೂ ನಗುತ್ತಿದ್ದೆ. ಆದರೆ ನಮ್ಮ ಅತ್ತೆ ಹಿಟ್ಟಿನ ಡಬ್ಬದ ಮುಚ್ಚಳ ಎತ್ತುವ ಟಪ್ ಎನ್ನುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಮಗಳಿಗೆ ಈಗ ಐದು ವರ್ಷ. ಅವಳು ಒಂಬತ್ತು ತಿಂಗಳ ಕೂಸಾಗಿದ್ದಾಗ ನಡೆದದ್ದು ಇದು.

ಮಂಡ್ಯದ ಹತ್ತಿರ ದುದ್ದದಿಂದ ಒಳಕ್ಕೆ ಹೋದರೆ ನಮ್ಮೂರು. ನನ್ನ ತವರು ಮಳವಳ್ಳಿ ಕಡೆ. ವಿಚಿತ್ರ ನೋಡಿ, ಗಂಡನಿಗೆ ಮಳವಳ್ಳಿ ಕಡೆ ಕರೆಂಟು ಕಂಬ ಹತ್ತುವ ಕೆಲಸ, ನನಗೆ ಹನಕೆರೆ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ನಾವಿಬ್ಬರೂ ದಿನ ಬೆಳಗಾದರೆ ಎರಡು ದಿಕ್ಕಿಗೆ ಹೊರಟರೆ ಮನೆ, ಹಸು, ಕೂಸು ಮೂರೂ ಅತ್ತೆಯ ಪಾಲಿಗೆ. ಅವರಿಗೆ ಓದು ಬರಹ ಬಾರದು. ಬಾರದಿದ್ದರೇನು, ಹಾಲಿನ ಡೈರಿಯವನಿಂದ ಹಿಡಿದು ನನ್ನ ತನಕ ಎಲ್ಲರನ್ನೂ ಅವರು ಓದಿಬಿಟ್ಟಿದ್ದರು. ಅವರಿಗಿದ್ದ ಚಟ ಒಂದೇ, ನಶ್ಯ. ಏರಿಸಿ ಏರಿಸಿ ಮೂಗು ಸತ್ತುಹೋಗಿತ್ತು. ಒಲೆಯ ಮೇಲೆ ಹಾಲು ಸೀದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಜೇನು ನನ್ನ ಹುಚ್ಚು. ಮದುವೆಯಾದ ಮೇಲೆ ಮಂಡ್ಯದಲ್ಲಿ ನಾಲ್ಕು ದಿನದ ತರಬೇತಿ ಪಡೆದು ಎರಡು ಪೆಟ್ಟಿಗೆ ತಂದೆ, ಅದು ಆರಾಯಿತು. ಎಲ್ಲ ನಮ್ಮ ನಾಡಿನ ತುಡುವೆ ಜೇನು. ಹಿತ್ತಿಲಲ್ಲಿ ಹುಣಸೆ ಮರದ ಕೆಳಗೆ ಸಾಲಾಗಿ ಇಟ್ಟಿದ್ದೆವು, ಒಂದೊಂದು ಕಾಲಿಗೂ ಒಂದೊಂದು ನೀರಿನ ಬಟ್ಟಲು, ಇರುವೆ ಹತ್ತದಿರಲೆಂದು. ಬೇಸಿಗೆಯಲ್ಲಿ ಹೊಂಗೆ, ಬೇವು, ಹುಣಸೆ ಹೂ ಇರುವ ತನಕ ಹುಳಗಳಿಗೆ ಹಬ್ಬ. ಆಷಾಢ ಹುಟ್ಟಿ ಗಾಳಿ ಎದ್ದು, ಜಿನುಗು ಹಿಡಿಯಿತೆಂದರೆ ಕಷ್ಟ ಶುರು. ಸುತ್ತ ಕಣ್ಣು ಹಾಯಿಸಿದಷ್ಟೂ ಕಬ್ಬು. ಸಕ್ಕರೆ ನಾಡು ಅಂತ ನಾವು ಮೀಸೆ ತಿರುವುತ್ತೇವೆ, ಆ ಕಬ್ಬಿನಲ್ಲಿ ಒಂದು ಜೇನುಹುಳಕ್ಕೆ ನೆಕ್ಕುವುದಕ್ಕೂ ಏನಿಲ್ಲ. ತೆಂಗಿನ ಹೊಂಬಾಳೆ ಇದ್ದರೂ ಮಳೆಗೆ ಅದರ ಪರಾಗ ತೊಳೆದುಹೋಗುತ್ತದೆ.

ದೊಡ್ಡ ಹುಳಕ್ಕೆ ಸಕ್ಕರೆ ಪಾಕ ಇಟ್ಟರೆ ಹೇಗೋ ಬದುಕುತ್ತದೆ. ಮರಿಗೆ ಸಾಲದು. ಮರಿ ಬೆಳೆಯಬೇಕಾದರೆ ಹೂವಿನ ಪರಾಗ ಬೇಕು, ನಮ್ಮ ಮಕ್ಕಳಿಗೆ ಬೇಳೆಕಾಳು ಬೇಕಾದ ಹಾಗೆ. ಅದು ಸಿಗದಿದ್ದರೆ ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಇಟ್ಟ ಮೊಟ್ಟೆಯಿಂದ ಬಂದ ಮರಿಗಳನ್ನು ಕೆಲಸದ ಹುಳಗಳೇ ಎಳೆದು ಹೊರಗೆ ಹಾಕುತ್ತವೆ. ಆ ವರ್ಷ ಕೊನೆಯ ಪೆಟ್ಟಿಗೆಯ ಮುಂದೆ ಅಂಥ ಬಿಳೀ ಮರಿಗಳು ಬಿದ್ದಿದ್ದನ್ನು ನೋಡಿದೆ. ಬಾಣಂತನ ಮುಗಿದು ಇನ್ನೂ ವರ್ಷ ತುಂಬದವಳು ನಾನು. ಅದನ್ನು ನೋಡಿ ನಿಂತಲ್ಲೇ ಕಣ್ಣಲ್ಲಿ ನೀರು ಬಂತು.

ತರಬೇತಿಯ ಮೇಷ್ಟ್ರು ಪರಾಗಕ್ಕೆ ಬದಲಿ ಊಟ ಹೇಳಿಕೊಟ್ಟಿದ್ದರು: ಹುರಿದ ಸೋಯಾ ಹಿಟ್ಟು, ಹಾಲಿನ ಪುಡಿ, ಸಕ್ಕರೆ ಪುಡಿ, ಕಲಸುವುದಕ್ಕೆ ಜೇನುತುಪ್ಪ. ತಟ್ಟಿ, ಹುಳ ಗೂಡು ಕಟ್ಟುವ ಚೌಕಟ್ಟುಗಳ ನೆತ್ತಿಯ ಮೇಲಿಟ್ಟು ಪೆಟ್ಟಿಗೆಯ ಮುಚ್ಚಳ ಹಾಕಬೇಕು. ಆ ಶನಿವಾರ ಸೋಯಾ ಹಿಟ್ಟು ಮುಗಿದಿತ್ತು. ಮಂಡ್ಯಕ್ಕೆ ಹೋಗಿ ತರುವ ಹೊತ್ತಿಲ್ಲ. ನಾನು ಗೊಣಗುವುದನ್ನು ಕೇಳಿ ಅತ್ತೆ ಒಳಗಿನಿಂದ ಮಗುವಿನ ಸರಿಹಿಟ್ಟಿನ ಡಬ್ಬ ತಂದು ಹಿತ್ತಿಲ ಜಗಲಿಯ ಮೇಲಿಟ್ಟರು.

"ಇದ್ಕಿಂತ ಬೇಕೇನವ್ವ? ಉರಗಡ್ಲೆ, ಎಸ್ರುಬ್ಯಾಳೆ, ವಸಿ ಅಕ್ಕಿ. ನಿನ್ ಗಂಡ ಇದುನ್ನೇ ತಿಂದು ಕಂಬ ಅತ್ತೋನು. ಉಳದ್ ಮರೀಗೆ ಸಾಲ್ದಾ?"

ಎಲ್ಲ ಹುರಿದು ಬೀಸಿದ್ದು. ಯೋಚಿಸಿದರೆ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಮೇಷ್ಟ್ರ ಪಾಠಕ್ಕೂ ಬಾಣಂತನ ಮಾಡಿದ ಮುದುಕಿಯರ ಪಾಠಕ್ಕೂ ಅಷ್ಟೇನೂ ದೂರವಿಲ್ಲ ಅಂತ ಹೇಳಿ ನಕ್ಕೆ. ಅತ್ತೆ ಸೆರಗು ಸಿಕ್ಕಿಸಿ ಕೂತು, ಹಾಲಿನ ಪುಡಿ ಜೇನುತುಪ್ಪ ಸೇರಿಸಿ ಕಲಸಿ, ವಡೆ ತಟ್ಟಿದ ಹಾಗೆ ಆರು ತಟ್ಟಿಕೊಟ್ಟರು. ನಾನು ಆರು ಪೆಟ್ಟಿಗೆಗೂ ಇಟ್ಟೆ. ಸಂಜೆ ಕತ್ತಲಾಗುವ ಹೊತ್ತಿಗೆ ಇಡಬೇಕು ಅಂತ ಮೇಷ್ಟ್ರು ಹೇಳಿದ್ದರು. ನಾನು ನಾಲ್ಕು ಗಂಟೆಗೇ ಇಟ್ಟೆ, ಮಗು ಎದ್ದರೆ ಕೈ ಬಿಡುವುದಿಲ್ಲ ಎಂದು.

ಕಲಸಿದ ಬೋಗುಣಿಯನ್ನು ತೊಳೆದು ಅತ್ತೆ ಆ ಸಿಹಿ ನೀರನ್ನು ತಂದು ಕೊನೆಯ ಪೆಟ್ಟಿಗೆಯ ಬುಡಕ್ಕೆ ಹುಯ್ದರು. ನಮ್ಮ ಮನೆಯಲ್ಲಿ ಊಟದ ಪಾತ್ರೆ ತೊಳೆದ ನೀರು ಮೋರಿಗೆ ಹೋಗುವುದಿಲ್ಲ. ಅಕ್ಕಿ ತೊಳೆದದ್ದು ಹಸುವಿಗೆ, ಮಜ್ಜಿಗೆ ಪಾತ್ರೆ ತೊಳೆದದ್ದು ಕರಿಬೇವಿನ ಬುಡಕ್ಕೆ, ಯಾರದ್ದು ಅವರಿಗೆ ಸೇರಬೇಕು. ಹುಳದ ಊಟ ತೊಳೆದದ್ದು ಹುಳಕ್ಕೆ. ನಾನು ಅದನ್ನು ಕಣ್ಣಾರೆ ನೋಡಿದೆ, ಏನೂ ಅನಿಸಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ಮಗುವಿನ ಹಾಲಿನ ಪುಡಿಯ ತಗಡಿನ ಡಬ್ಬಗಳು ಖಾಲಿಯಾದರೆ ನಮ್ಮ ಮನೆಯಲ್ಲಿ ಎಸೆಯುವ ಪದ್ಧತಿಯಿಲ್ಲ. ಸಾಸಿವೆಗೊಂದು, ಗುಂಡಿ ದಾರಕ್ಕೊಂದು, ಸರಿಹಿಟ್ಟಿಗೊಂದು. ಅಂಥದೇ ಒಂದಕ್ಕೆ ನಾನು ಇರುವೆ ಸಾಯಿಸುವ ಪುಡಿ ತುಂಬಿದ್ದೆ. ಅಂಗಡಿಯಿಂದ ತಂದ ಕವರು ಹರಿದು ಚೆಲ್ಲುತ್ತಿತ್ತು, ಡಬ್ಬಕ್ಕೆ ಸುರಿದು ಕವರನ್ನು ಕಸಕ್ಕೆ ಹಾಕಿದೆ. ಆ ಡಬ್ಬ ಇದ್ದದ್ದೂ ಹಿತ್ತಿಲ ಜಗಲಿಯ ಮೇಲೆ. ಅದೇ ಹಳದಿ ಮುಚ್ಚಳ, ಅದೇ ನಗುವ ಮಗುವಿನ ಚಿತ್ರ. ವಿಷದ ಸೀಸೆಗೆ ಚೀಟಿ ಅಂಟಿಸಬೇಕು ಅಂತ ಮಕ್ಕಳಿಗೆ ವರ್ಷಕ್ಕೊಂದು ಸಲ ಹೇಳುವವಳು ನಾನು.

ಭಾನುವಾರ ಬೆಳಿಗ್ಗೆ ಒಂದಿಷ್ಟು ಬಿಸಿಲು ಬಿದ್ದು, ಒಂಬತ್ತರ ಹೊತ್ತಿಗೆ ಮತ್ತೆ ಜಿನುಗು ಹಿಡಿದಿತ್ತು. ಗಂಡನಿಗೆ ಭಾನುವಾರವೂ ಡ್ಯೂಟಿ, ಬೆಳಿಗ್ಗೆಯೇ ಹೋಗಿದ್ದರು. ನಾನು ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದವಳು ಕೊನೆಯ ಪೆಟ್ಟಿಗೆ ನೋಡಿ ನಿಂತೆ. ಅದರ ಬಾಗಿಲ ಕೆಳಗೆ ಮಣ್ಣು ಕಾಣದ ಹಾಗೆ ಸತ್ತ ಹುಳ ಬಿದ್ದಿದ್ದವು. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಪೆಟ್ಟಿಗೆಗೆ ಕಿವಿಯಿಟ್ಟೆ. ಒಳಗೆ ಸದ್ದೇ ಇಲ್ಲ.

ನಿನ್ನೆ ಸಂಜೆ ಚೆನ್ನಾಗಿದ್ದವು. ನಿನ್ನೆಯಿಂದ ಇವತ್ತಿಗೆ ಅವು ತಿಂದ ಹೊಸದೆಂದರೆ ಆ ಹಿಟ್ಟು ಒಂದೇ.

ತಿರುಗಿ ಜಗಲಿ ನೋಡಿದೆ. ಎರಡು ಡಬ್ಬ ಅಕ್ಕಪಕ್ಕ ಕೂತಿದ್ದವು. ಒಂದರ ಮುಚ್ಚಳ ಸರಿಯಾಗಿ ಕೂರದೆ ಓರೆಯಾಗಿತ್ತು. ಎತ್ತಿ ನೋಡಿದರೆ ಅದು ಇರುವೆ ಪುಡಿ. ಅಡುಗೆಮನೆಗೆ ಓಡಿದೆ. ಅತ್ತೆ ಮಗುವಿಗೆ ಸರಿ ತಿನ್ನಿಸಿ ಮುಗಿಸಿ, ಬಾಯಿ ಒರೆಸುತ್ತಿದ್ದರು. ಮಗು ತೊಡೆಯ ಮೇಲೆ ತೂಕಡಿಸುತ್ತಿತ್ತು. ತುಟಿಯ ಅಂಚಿನಿಂದ ಜೊಲ್ಲು ಇಳಿದಿತ್ತು.

"ಅತ್ತೆ, ಸರಿ ಮಾಡಕ್ಕೆ ಯಾವ ಡಬ್ಬದಿಂದ ತಗಂಡ್ರಿ?"

"ಇನ್ಯಾವ್ದು, ಜಗ್ಲಿ ಮ್ಯಾಲಿಂದು."

"ಅಲ್ಲಿ ಎಲ್ಡವೆ!"

ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು ಜಗಲಿಗೆ ಬಂದರು. ಎರಡು ಡಬ್ಬದ ಮುಂದೆ ನಿಂತರು. ಕೈ ಒಂದರ ಕಡೆ ಹೋಯಿತು. ಅಲ್ಲಿಂದ ಇನ್ನೊಂದರ ಕಡೆ ಬಂತು. ಮತ್ತೆ ಮೊದಲನೆಯದರ ಕಡೆ ಹೋಯಿತು. "ಈ ಕಡೀದು... ತಡೀವ್ವ... ಒತ್ತಾರೆ ಎದ್ದೇಟ್ಗೆ ತಗಂಡಿದ್ದೆ, ಕತ್ಲಿತ್ತು..." ಎಂದರು. ಆ ಮೂರು ಮಾತು ಕೇಳಿದ್ದೇ ತಡ, ನನ್ನ ನಾಲಿಗೆ ನನ್ನದಾಗಿ ಉಳಿಯಲಿಲ್ಲ.

"ನನ್ ಮಗೀನ ಸಾಯಿಸ್ಬುಟ್ಯಲ್ಲೇ ಮುದ್ಕಿ!"

ಆ ಮನೆಗೆ ಬಂದ ದಿನದಿಂದ ಅವರಿಗೆ ಒಮ್ಮೆಯೂ ಏಕವಚನ ಹಾಕಿದವಳಲ್ಲ. ಮಗುವಿನ ಬಾಯಿ ಒರೆಸಿದ ಬಟ್ಟೆ ಅವರ ಕೈಯಲ್ಲೇ ಇತ್ತು.

ಬೀದಿಯ ಕೊನೆಯ ಮನೆಯ ಆಟೊದವನನ್ನು ಕೂಗಿದೆ. ಇರುವೆ ಪುಡಿಯ ಡಬ್ಬ ಬ್ಯಾಗಿಗೆ ಹಾಕಿಕೊಂಡೆ, ಡಾಕ್ಟರಿಗೆ ತೋರಿಸಲು. ಸರಿಹಿಟ್ಟಿನ ಡಬ್ಬ ತೆಗೆದುಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ. ಆಟೊ ಹತ್ತುವಾಗ ಅತ್ತೆಯೂ ಬಂದು ಒಂದು ಕಾಲು ಒಳಗಿಟ್ಟರು.

"ನೀವು ಬರ್ಬ್ಯಾಡಿ," ಎಂದೆ. ಮತ್ತೆ ಬಹುವಚನಕ್ಕೆ ಬಂದಿದ್ದೆ, ಆದರೆ ಅದರಲ್ಲಿ ಮರ್ಯಾದೆ ಇರಲಿಲ್ಲ.

ಅವರು ಕಾಲು ತೆಗೆದರು. ಆಟೊ ತಿರುಗುವಾಗ ಕನ್ನಡಿಯಲ್ಲಿ ಕಂಡರು, ಮಳೆಯಲ್ಲೇ ನಿಂತಿದ್ದರು.

ಆ ದಾರಿ ನನಗೆ ಇವತ್ತಿಗೂ ಉದ್ದ. ಸರಿ ತಿಂದರೆ ಒಂದು ತಾಸು ನಿದ್ದೆ ಮಾಡುವುದು ನನ್ನ ಮಗಳ ದಿನದ ಅಭ್ಯಾಸ. ಅವತ್ತು ಅವಳು ಕಣ್ಣು ಮುಚ್ಚಿದಾಗೆಲ್ಲ ನಾನು ಪಾದ ತಟ್ಟಿ ಎಬ್ಬಿಸಿದೆ. ಅವಳು ಅತ್ತರೆ ಸಮಾಧಾನ, ಅಳು ನಿಲ್ಲಿಸಿದರೆ ಭಯ. ಹಲ್ಲು ಬರುವ ಕಾಲ, ವಾರದಿಂದ ಜೊಲ್ಲು ಸುರಿಸುತ್ತಲೇ ಇದ್ದಳು. ಅದು ನನಗೆ ಗೊತ್ತಿತ್ತು. ಆದರೂ ಅವತ್ತು ಗಲ್ಲದ ಮೇಲೆ ಇಳಿದ ಒಂದೊಂದು ಹನಿಯೂ ವಿಷದ ಗುರುತಾಗಿ ಕಂಡಿತು. ಒಂದು ಸಲ ಸ್ವಲ್ಪ ಕಕ್ಕಿದಳು. ನಾನು ಕಿರುಚಿದ್ದಕ್ಕೆ ಆಟೊದವನು ಬ್ರೇಕು ಹಾಕಿಬಿಟ್ಟ.

"ಅಕ್ಕ, ಮೊಗ ಎಂಗದೆ?"

"ನಿಲ್ಲಿಸ್ಬ್ಯಾಡ ಕಣಪ್ಪ, ಓಡ್ಸು, ಓಡ್ಸು!"

ನಂಬಿದ ದೇವರನ್ನೆಲ್ಲ ಕರೆದೆ. ನಂಬದವರನ್ನೂ ಕರೆದೆ. ಪಾಪ, ಆರು ಪೆಟ್ಟಿಗೆಗೂ ಒಂದೇ ಹಿಟ್ಟು ಇಟ್ಟಿದ್ದು, ಸತ್ತದ್ದು ಒಂದರ ಮುಂದೆ ಮಾತ್ರ ಅಂತ ನೆನಪು ಮಾಡುವ ಪುಣ್ಯಾತ್ಮ ದೇವರು ಅವರಲ್ಲಿ ಯಾರೂ ಇರಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ನಾನು ಬ್ಯಾಗಿನಿಂದ ಡಬ್ಬ ತೆಗೆದುಕೊಟ್ಟೆ. ಅವರು ಅದರ ಮೇಲಿನ ಮಗುವಿನ ಚಿತ್ರ ನೋಡಿ ನನ್ನ ಮುಖ ನೋಡಿದರು.

"ಇದು ಯಾವ ಪುಡಿ? ಹೆಸರೇನು? ಕವರ್ ಎಲ್ಲಿ?"

"ಬಿಸಾಕಿದೆ ಮೇಡಂ."

"ಏನ್ ಓದಿದೀರಿ?"

"ಬಿ.ಎಸ್‌ಸಿ., ಬಿ.ಎಡ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸದ್ಯಕ್ಕೆ ವಿಷದ ಲಕ್ಷಣ ಕಾಣುತ್ತಿಲ್ಲ, ಆದರೆ ಏನೆಂದು ತಿಳಿಯದೆ ಮನೆಗೆ ಕಳಿಸುವುದಿಲ್ಲ, ಸಂಜೆ ತನಕ ಇಲ್ಲೇ ಇರಲಿ ಎಂದರು. ಕಣ್ಣಿನ ಪಾಪೆ ಚಿಕ್ಕದಾದರೆ, ಬೆವರಿದರೆ, ಉಸಿರು ಜೋರಾದರೆ ಕೂಗಬೇಕಂತೆ. ಅರ್ಧ ಗಂಟೆಯಲ್ಲಿ ನಾನು ನಾಲ್ಕು ಸಲ ಕೂಗಿದೆ. ನಾಲ್ಕನೆಯ ಸಲ ನರ್ಸಮ್ಮ, "ಅಮ್ಮಾ, ಅದು ಮಲಗಿದೆ ಅಷ್ಟೆ," ಎಂದು ಹೋದರು.

ಗಂಡನಿಗೆ ಫೋನು ಮಾಡಿದೆ. ಮಳವಳ್ಳಿಯಿಂದ ಹೊರಟರು. ಆಮೇಲೆ ವರಾಂಡದಲ್ಲಿ ನಿಂತು ತರಬೇತಿಯ ಮೇಷ್ಟ್ರಿಗೆ ಮಾಡಿದೆ. ನನ್ನ ತೊದಲು ಕೇಳಿ ಅವರು ಮೊದಲು ಕೇಳಿದ್ದು ಇದು:

"ಸತ್ತ ಹುಳ ನೋಡಿದ್ರಾ? ನಾಲಿಗೆ ಹೊರಗೆ ಚಾಚಿದ್ವಾ, ಇಲ್ಲ ಒಂದನ್ನೊಂದು ಹಿಡ್ಕೊಂಡಿದ್ವಾ?"

ವಿಷ ತಿಂದ ಹುಳ ಸಾಮಾನ್ಯವಾಗಿ ನಾಲಿಗೆ ಚಾಚಿ ಸಾಯುತ್ತದೆ. ಒಂದು ಪೆಟ್ಟಿಗೆಯ ಹುಳಗಳು ಇನ್ನೊಂದನ್ನು ಲೂಟಿ ಮಾಡಲು ಬಿದ್ದರೆ ಕಾದಾಡಿ, ಕಚ್ಚಿ ಹಿಡಿದು ಸಾಯುತ್ತವೆ. ನೋಟ್ಸಿನಲ್ಲಿ ನಾನೇ ಬರೆದುಕೊಂಡಿದ್ದೆ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು. ಹುಳದ ಮುಂದೆ ನಿಂತಿದ್ದಾಗ ಮಾತ್ರ ಬಗ್ಗಿ ನೋಡಲಿಲ್ಲ. ಈಗ ನೋಡಬಲ್ಲವರು ಒಬ್ಬರೇ, ನಾನು ಮಳೆಯಲ್ಲಿ ಬಿಟ್ಟುಬಂದವರು.

ಅತ್ತೆಗೆ ಫೋನಿನಲ್ಲಿ ಹಸಿರು ಗುಂಡಿ ಒತ್ತುವುದು ಮಾತ್ರ ಬರುತ್ತದೆ. ಮೊದಲ ಗಂಟೆಗೇ ಎತ್ತಿದರು.

"ಏಳವ್ವ. ಮೊಗ?"

"ಮಲಗದೆ. ಸಂಜೆಗಂಟ ನೋಡ್ಬೇಕಂತೆ. ಅತ್ತೆ, ಸತ್ತ ಹುಳ ಹೆಂಗೆ ಬಿದ್ದವೆ ಅಂತ ವಸಿ ನೋಡಿ. ನಾಲಗೆ ಆಚೆಗೆ ಬಂದದಾ?"

ಅವರ ಚಪ್ಪಲಿಯ ಸದ್ದು, ಮಳೆಯ ಸದ್ದು, ಬಗ್ಗಿದಾಗ ಬರುವ ಅವರ ಏದುಸಿರು ಎಲ್ಲ ಕೇಳಿಸಿತು. ನಾನು ವರಾಂಡದ ಕಂಬಿ ಹಿಡಿದು ನಿಂತಿದ್ದೆ.

"ನಾಲ್ಗೆಗೀಲ್ಗೆ ಈ ಕಣ್ಗೆಲ್ ಕಂಡದು. ಎಲ್ಡೆಲ್ಡು ತಬ್ಕಂಡ್ ಸತ್ತವೆ ಕಣವ್ವ. ಬುಡ್ಸುದ್ರೂ ಬುಡ್ತಿಲ್ಲ."

"ಮಿಕ್ಕಿದ ಪೆಟ್ಟಿಗೆ ಮುಂದೆ?"

"ಅಲ್ಲೇನೂ ಇಲ್ಲ. ಬತ್ತಾವೆ, ಓಯ್ತಾವೆ."

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಂದೊಂದಾಗಿ ನೆನಪಿಗೆ ಬಂತು. ಹಗಲಲ್ಲೇ ಇಟ್ಟ ಹಿಟ್ಟು, ಪೆಟ್ಟಿಗೆಯ ಬುಡಕ್ಕೆ ಹುಯ್ದ ಸಿಹಿ ನೀರು. ಬೆಳಿಗ್ಗೆ ಬಿಸಿಲು ಬಿದ್ದಾಗ ಆ ವಾಸನೆಗೆ ಗಟ್ಟಿ ಪೆಟ್ಟಿಗೆಯ ಹುಳಗಳೆಲ್ಲ ಬಂದು, ಪಕ್ಕದ ಬಡಕಲು ಪೆಟ್ಟಿಗೆಗೇ ನುಗ್ಗಿರಬೇಕು. ಇನ್ನು ಇರುವೆ ಪುಡಿಯ ಓರೆ ಮುಚ್ಚಳ. ಅದನ್ನು ಅತ್ತೆ ತೆಗೆದಿರಲಿಲ್ಲ. ಹಿಂದಿನ ಸಂಜೆ ಜೇನುತುಪ್ಪದ ಬಾಟಲಿಗೆ ಜಗಲಿ ಗೋಡೆ ಹತ್ತಿ ಬರುತ್ತಿದ್ದ ಇರುವೆಗೆ ನಾನೇ ಪುಡಿ ಹಾಕಿ, ಮಗು ಅತ್ತಿತೆಂದು ಮುಚ್ಚಳ ಒತ್ತದೆ ಒಳಗೆ ಓಡಿದ್ದೆ. ಸಮಾಧಾನವಾಗಬೇಕಿತ್ತು. ಆದರೆ ಬೆಳಿಗ್ಗೆ ಕತ್ತಲಲ್ಲಿ ಅತ್ತೆ ಯಾವ ಡಬ್ಬಕ್ಕೆ ಕೈ ಹಾಕಿದರೋ, ಅದನ್ನು ಹುಳಗಳು ಹೇಳುವಂತಿರಲಿಲ್ಲ.

"ಅತ್ತೆ, ಆ ಹಿಟ್ಟಿನ ಡಬ್ಬ ಮುಟ್ಬ್ಯಾಡಿ. ಹಂಗೇ ಇರ್ಲಿ. ಡಾಕ್ಟ್ರಿಗೆ ತೋರಿಸ್ಬೇಕು."

ಅವರು ಹೇಳಿದರು:

"ತಿಂದಾಯ್ತು ಕಣವ್ವ. ನೀನು ಅತ್ಲಗ್ ಓದೆ, ನಾನು ಇತ್ಲಗ್ ತಿಂದೆ. ಮೊಗೀನ್ ಬಟ್ಲಲ್ಲಿ ಮಿಕ್ಕಿದ್ದ ಸರೀನೂ ತಿಂದೆ. ನಂಗೇನೂ ಆಗ್ನಿಲ್ಲ. ಮೊಗೀಗೂ ಏನೂ ಆಗಲ್ಲ. ಅಜ್ಜಿ ತಿಂದು ನೋಡವ್ಳೆ ಅಂತ ಡಾಕುಟ್ರಿಗೆ ಏಳು."

ಅಲ್ಲಿಯ ತನಕ ನನಗೆ ಒಂದು ಜೀವದ ಭಯ ಇತ್ತು, ಈಗ ಎರಡಾಯಿತು. ಈ ಎರಡನೆಯದಕ್ಕೆ ಯಾರನ್ನು ಬೈಯುವುದು? ಡಾಕ್ಟರಮ್ಮನಿಗೆ ಹೇಳಿದೆ. ಅವರ ಮುಖ ಬಿಗಿಯಾಯಿತು. ಆ ಅಜ್ಜಿಯನ್ನೂ ಈಗಲೇ ಕರೆತನ್ನಿ, ತಿಂದ ಹಿಟ್ಟನ್ನೂ ತನ್ನಿ ಎಂದರು. ಅಷ್ಟರಲ್ಲಿ ಬಂದ ಗಂಡ ಮಗುವಿನ ಹಣೆ ಮುಟ್ಟಿ ನೋಡಿ, ಒದ್ದೆ ಬಟ್ಟೆಯಲ್ಲೇ ಬೈಕು ತಿರುಗಿಸಿದರು.

"ಅವ್ವ ಯಾಕೆ ತಿಂತು?" ಎಂದು ಕೇಳಿದರು.

"ಹಿಟ್ಟು ಸರಿಯಾಗದೋ ಇಲ್ವೋ ನೋಡಕ್ಕೆ," ಎಂದೆ. ಬೆಳಿಗ್ಗೆ ನಾನು ಆಡಿದ ಮಾತು ಹೇಳಲಿಲ್ಲ. ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಒಂದೂವರೆ ಗಂಟೆ ಕಾದೆ. ಮಗುವಿನ ಹಾಸಿಗೆಯ ಪಕ್ಕ ಕೂತರೆ ಮನೆಯಲ್ಲಿ ಒಬ್ಬರೇ ಬಿದ್ದಿರುವ ಅತ್ತೆ ಕಣ್ಣಿಗೆ ಕಟ್ಟುತ್ತಿದ್ದರು. ಬಾಗಿಲಿಗೆ ಹೋಗಿ ರಸ್ತೆ ನೋಡಿದರೆ ಬೆನ್ನ ಹಿಂದೆ ಮಗುವಿನ ಉಸಿರು ನಿಂತಂತಾಗುತ್ತಿತ್ತು. ಬಾಗಿಲಿಗೂ ಹಾಸಿಗೆಗೂ ಅಲೆದೆ. ಒಂದು ಸಲ ನನಗೆ ಬಂದ ಯೋಚನೆ ಬರೆಯಲೂ ಭಯವಾಗುತ್ತದೆ: ಇಬ್ಬರಲ್ಲಿ ಒಬ್ಬರು ಅಂತಾದರೆ, ಮಗು ಉಳಿಯಲಿ. ಅಂದುಕೊಂಡ ಕೂಡಲೇ ಕೆನ್ನೆ ಕೆನ್ನೆ ಬಡಿದುಕೊಂಡೆ.

ಅತ್ತೆ ಬೈಕಿನ ಹಿಂದೆ ಕೂತು ಬಂದರು, ನೆಟ್ಟಗೆ, ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಮಗುವಿನ ಕುಲಾವಿ, ಒಗೆದ ಬಟ್ಟೆ ನಾಲ್ಕು, ಕಾಗದದಲ್ಲಿ ಕಟ್ಟಿದ ಒಂದು ಹಿಡಿ ಸರಿಹಿಟ್ಟು. ನಾನು ಓಡುವಾಗ ಮಗುವಿಗೆ ಬಟ್ಟೆ ಕೂಡ ತಂದಿರಲಿಲ್ಲ. ಡಾಕ್ಟರಮ್ಮ ಅವರನ್ನು ಕೂರಿಸಿ ನಾಡಿ ಹಿಡಿದು, ಕಣ್ಣು ನೋಡಿ, ಕಾಗದ ಬಿಚ್ಚಿ ಹಿಟ್ಟು ಮೂಸಿದರು. ನನ್ನ ಡಬ್ಬ ಮೂಸಿದರು. ಮತ್ತೆ ಹಿಟ್ಟು ಮೂಸಿದರು.

"ಹುರಿಗಡಲೆ ವಾಸನೆ. ಅಜ್ಜಿ, ಎಷ್ಟು ತಿಂದ್ರಿ?"

"ಒಂದ್ ಚಿಟ್ಕೆ ಕಣವ್ವ."

ನಡುವೆ ಹಾಲು ಕುಡಿದು ಮತ್ತೆ ಮಲಗಿದ್ದ ಮಗಳು ಸಂಜೆ ನಾಲ್ಕರ ಹೊತ್ತಿಗೆ ಎದ್ದಳು. ಹಸಿವಿಗೆ ಆಸ್ಪತ್ರೆ ಕಿತ್ತುಹೋಗುವ ಹಾಗೆ ಅತ್ತಳು. ಅಂಥ ಚೆಂದದ ಅಳು ನಾನು ಕೇಳಿಲ್ಲ. ಇಬ್ಬರನ್ನೂ ಇನ್ನೊಮ್ಮೆ ನೋಡಿ ಡಾಕ್ಟರಮ್ಮ, ಏನೂ ಇಲ್ಲ ಹೋಗಿ, ಆ ಡಬ್ಬವನ್ನು ಮಾತ್ರ ಮನೆಯೊಳಗೆ ಇಡಬೇಡಿ ಎಂದರು. ಬರುವಾಗ ಮಗು ಅತ್ತೆಯ ಹೆಗಲ ಮೇಲೆಯೇ ಇತ್ತು. ನನ್ನ ಕೈಗೆ ಬಾ ಎಂದು ಕರೆಯುವ ಧೈರ್ಯ ನನಗೆ ಬರಲಿಲ್ಲ.

ಮನೆಗೆ ಬಂದು ಜಗಲಿಯ ಮೇಲಿದ್ದ ಸರಿಹಿಟ್ಟಿನ ಡಬ್ಬ ಎತ್ತಿದೆ, ಒಳಗಿಡೋಣವೆಂದು. ಹಗುರವಾಗಿತ್ತು. ಶನಿವಾರ ಜೇನಿಗೆ ತೆಗೆದ ಮೇಲೂ ಅರ್ಧಕ್ಕಿಂತ ಹೆಚ್ಚಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಈಗ ತಗಡಿನ ತಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಅತ್ತೆಯ ಚೊಂಬು ಬೋರಲು ಬಿದ್ದಿತ್ತು. ಒಳಗೆಲ್ಲ ಕಲಸಿದ ಹಿಟ್ಟು ಒಣಗಿ ಅಂಟಿತ್ತು.

ರುಚಿ ನೋಡಲು ಒಂದು ಚಿಟಿಕೆ ಸಾಕು. ಅವರು ನೀರಿಗೆ ಕದಡಿ ಚೊಂಬುಗಟ್ಟಲೆ ಕುಡಿದಿದ್ದರು. ಉಳಿದದ್ದು ಯಾವ ಡಬ್ಬವೆಂದು ಅವರಿಗೆ ತಿಳಿದಿರಲಿಲ್ಲ, ಅವರು ನೋಡಲು ತಿಂದದ್ದಲ್ಲ. ಮಗುವಿಗೆ ಹೆಚ್ಚುಕಮ್ಮಿಯಾದರೆ ತಾನೂ ಉಳ್ಕೋಬಾರದು ಅಂತ ತಿಂದದ್ದು. ಅದು ನನಗೆ ಆ ಜಗಲಿಯ ಮುಂದೆ ನಿಂತಾಗ ತಿಳಿಯಿತು. ನಾನು ಇರುವೆ ಪುಡಿಯ ಡಬ್ಬ ಒಯ್ಯದೆ ಅಲ್ಲೇ ಬಿಟ್ಟುಹೋಗಿದ್ದರೆ? ಅವರು ಕೈ ತಪ್ಪಿ ಅದರಿಂದ ಕದಡಿದ್ದರೆ?

ಮಾರನೆಯ ದಿನ ಹಸುವಿನ ಹತ್ತಿರ ಅವರೊಬ್ಬರೇ ಇದ್ದಾಗ ಹೋಗಿ ನಿಂತೆ.

"ಅತ್ತೆ, ನೆನ್ನೆ ನಾನು ಅಂದಿದ್ದು..."

"ಏನಂದೆ?" ಕೆಚ್ಚಲಿನಿಂದ ಕಣ್ಣೆತ್ತದೆ ಕೇಳಿದರು. "ಮಳೆ ಸದ್ದಿಗೆ ನಂಗೊಂದೂ ಕೇಳ್ನಿಲ್ಲ ಬುಡವ್ವ. ಆ ಬಿಂದ್ಗೆ ಈಚ್ಗೆ ಕೊಡು."

ಜಿನುಗು ಮಳೆಗೆ ಅಂಥ ಸದ್ದೆಲ್ಲಿಯದು! ಬಿಂದಿಗೆ ಕೊಟ್ಟೆ. ಅವತ್ತು ಕಾಲಿಗೆ ಬೀಳಬೇಕಿತ್ತು, ಬೀಳಲಿಲ್ಲ. ಆಮೇಲೆ ದಿನ ಕಳೆದಷ್ಟೂ ಬೀಳುವುದು ಕಷ್ಟವಾಯಿತು.

ಆ ಬಡಕಲು ಪೆಟ್ಟಿಗೆ ಉಳಿಯಲಿಲ್ಲ. ಮಿಕ್ಕ ಐದಕ್ಕೆ ಹದಿನೈದು ದಿನ ಬಿಟ್ಟು ಮತ್ತೆ ಹಿಟ್ಟು ಇಡಬೇಕಾಯಿತು. ಇರುವೆ ಪುಡಿಯನ್ನು ನಾನು ಅಷ್ಟರಲ್ಲೇ ಆಳವಾಗಿ ಹೂತುಹಾಕಿದ್ದೆ, ಹೊಸದಾಗಿ ತಂದಿರಲಿಲ್ಲ. ಅತ್ತೆ ಹಿಟ್ಟಿನ ಮುಚ್ಚಳ ತೆಗೆದರು. ಕಲಸುವ ಮುಂಚೆ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ನುಂಗಿದರು. ನನ್ನ ಮುಖವನ್ನೇ ನೋಡಿದರು. ಆಮೇಲೆ ಬೋಗುಣಿ ನನ್ನ ಕಡೆ ತಳ್ಳಿದರು. ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ನೋಡಿಕೋ ಎನ್ನುವ ಹಾಗೆ, ಅಷ್ಟೇ. ಅಲ್ಲಿಂದ ಈಚೆಗೆ ಪ್ರತಿ ಆಷಾಢದಲ್ಲಿ, ಪ್ರತಿ ಸಲ ಹೀಗೆಯೇ. ಬೇಡ ಅತ್ತೆ ಎನ್ನಲು ಬಾಯಿ ಬರುವುದಿಲ್ಲ. ಎಂದರೆ ಯಾಕೆ ಬೇಡ ಎನ್ನುವುದನ್ನೂ ಆಡಬೇಕಲ್ಲ.

ಈ ವರ್ಷವೂ ಮೊನ್ನೆ ಕಲಸಲು ಕೂತೆವು. ಅತ್ತೆ ಚಿಟಿಕೆ ಬಾಯಿಗೆ ಹಾಕಿಕೊಂಡರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಗಳೂ ಡಬ್ಬಕ್ಕೆ ಕೈ ಹಾಕಿ, ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಹಿಡಿಯಲು ಕೈ ಚಾಚುವಷ್ಟರಲ್ಲಿ ನುಂಗಿಬಿಟ್ಟಿದ್ದಳು.

"ಯಾಕ್ ತಿಂದೆ?" ಎಂದು ಗದರಿದೆ.

"ಉಳಕ್ಕೆ ಕೊಡಕ್ಕೆ ಮುಂಚೆ ಮನೆಯೋರು ತಿನ್ಬೇಕು," ಎಂದಳು, ನನಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. ಅವಳ ಪಾಲಿಗೆ ಅದು ನಮ್ಮ ಮನೆಯ ಶಾಸ್ತ್ರ, ಹುಟ್ಟಿದಾಗಿನಿಂದ ಕಂಡದ್ದು. ಆಮೇಲೆ ಇನ್ನೊಂದು ಚಿಟಿಕೆ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು.

"ಅಮ್ಮ, ನೀನು ಯಾವತ್ತೂ ತಿಂದೇ ಇಲ್ಲ."

ನಿಜ. ಐದು ವರ್ಷದಲ್ಲಿ ಒಂದು ಸಲವೂ ಇಲ್ಲ. ಅದು ಹುರಿಗಡಲೆ, ಹೆಸರುಬೇಳೆ, ಅಕ್ಕಿ ಎಂದು ಗೊತ್ತು. ಹುರಿಯುವಾಗ ಒಲೆಯ ಮುಂದೆ ನಾನೇ ನಿಂತಿದ್ದೆ. ಆದರೂ ಆ ಪುಟ್ಟ ಬೆರಳುಗಳ ನಡುವಿನ ಬಿಳೀ ಪುಡಿ ನೋಡಿ ನನಗೆ ಹೆದರಿಕೆಯಾಯಿತು. ಬಾಯಿ ತೆರೆದೆ. ಹಿಟ್ಟು ಒಣಗಿದ ಗಂಟಲಿಗೆ ಹಿಡಿಯಿತು, ಕಷ್ಟಪಟ್ಟು ನುಂಗಿದೆ, ಕಣ್ಣಲ್ಲಿ ನೀರು ಬಂತು.

ಅತ್ತೆ ನನ್ನ ಕಡೆ ನೋಡಲಿಲ್ಲ. ಸೊಂಟದಿಂದ ನಶ್ಯದ ಡಬ್ಬಿ ತೆಗೆಯಲು ಹೋದವರು ಮತ್ತೆ ಅಲ್ಲೇ ಸಿಕ್ಕಿಸಿ, ನೀರಿನ ಚೊಂಬನ್ನು ನನ್ನ ಕೈಗೆ ಕೊಟ್ಟರು.

"ಕುಡಿಯವ್ವ," ಎಂದರು. "ಬಿರ್ನೆ ಕಲ್ಸಾಣ, ಮಳೆ ಬತ್ತದೆ."